ಭೂಮಿತಾಯಿಗೆ ನಲವತ್ತೊಂದು ಚಿಂದಿ

ಸರ್ಕಾರಿ ಮೇಷ್ಟ್ರಾದವನಿಗೆ ದೇಶಭಕ್ತಿ, ಶುಚಿತ್ವ, ಕೃತಜ್ಞತೆ ಎಲ್ಲವೂ ಸುತ್ತೋಲೆಯ ಮೂಲಕವೇ ಬರುತ್ತವೆ. ತಾನಾಗಿ ಬಂದರೆ ಅದಕ್ಕೆ ಬೆಲೆಯಿಲ್ಲ. ಎಪ್ಪತ್ತೊಂಬತ್ತನೇ ಇಸವಿಯಲ್ಲಿ ನಾನು ಕೋಲಾರದ ಚಿನ್ನದ ಗಣಿಯ ಮೈಸೂರು ಮೈನ್ಸ್ ಕಡೆಯ ಒಂದು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಒಂದು ಗುರುವಾರ ಮೇಲಿನಿಂದ ಕಾಗದ ಬಂತು: ಮಕ್ಕಳನ್ನು ತೋಟವೊಂದಕ್ಕೆ ಕರೆದೊಯ್ದು, ಪ್ರಕೃತಿಮಾತೆಗೆ ಕೃತಜ್ಞತೆ ಸಲ್ಲಿಸಿ, ಫೋಟೋ ಸಮೇತ ವರದಿ ಕಳಿಸತಕ್ಕದ್ದು. ಶನಿವಾರದ ಒಳಗೆ. ಹೆಡ್‌ಮಾಸ್ಟರು ಕಾಗದವನ್ನು ನನ್ನ ಮೇಜಿನ ಮೇಲಿಟ್ಟು, ಪ್ರಕೃತಿ ಅಂದರೆ ವಿಜ್ಞಾನ ತಾನೇ ಎಂದು ಹೇಳಿ ಕಾಫಿಗೆ ಹೊರಟುಹೋದರು.

ನೀವು ಕೆ.ಜಿ.ಎಫ್. ನೋಡಿದ್ದರೆ ನನ್ನ ಸಂಕಟ ನಿಮಗೆ ಅರ್ಥವಾಗುತ್ತದೆ. ನಮ್ಮ ಶಾಲೆಯ ಕಿಟಕಿಯಿಂದ ಕಾಣುತ್ತಿದ್ದ ಪ್ರಕೃತಿಯೆಂದರೆ ಸೈನೈಡ್ ಗುಡ್ಡ. ಕಲ್ಲನ್ನು ಅರೆದು ಚಿನ್ನ ತೆಗೆದುಕೊಂಡು, ಮಿಕ್ಕ ಬೂದಿಬಣ್ಣದ ಪುಡಿಯನ್ನು ರಾಶಿ ಸುರಿದದ್ದು. ಅದರ ಮೇಲೆ ಹುಲ್ಲುಕಡ್ಡಿ ಹುಟ್ಟುವುದಿಲ್ಲ. ಗಾಳಿ ಬೀಸಿದರೆ ಅದು ನೇರ ನಮ್ಮ ಊಟದ ತಟ್ಟೆಗೆ ಬರುತ್ತದೆ. ಮಕ್ಕಳನ್ನು ಅದರ ಮುಂದೆ ನಿಲ್ಲಿಸಿ ಕೈಮುಗಿಸುವಷ್ಟು ಧೈರ್ಯ ನನಗಿರಲಿಲ್ಲ.

ಸುತ್ತಮುತ್ತ ಹಸಿರು ಎನ್ನಬಹುದಾದದ್ದು ಒಂದೇ ಇತ್ತು. ಅದು ನನ್ನ ಹೆಂಡತಿ ಗಂಗರತ್ನಮ್ಮನ ತೋಟ. ಅವಳೊಬ್ಬಳದೇ ಅಲ್ಲ. ಗಣಿ ಕೆಲಸಗಾರರ ಸಾಲುಮನೆಗಳ ಲೈನಿನ ನಾಲ್ಕು ಮನೆಯ ಹೆಂಗಸರೂ, ಲೈನಿಗೆ ಅಂಟಿಕೊಂಡ ಮನೆಯಲ್ಲಿ ಬಾಡಿಗೆಗಿದ್ದ ಇವಳೂ ಸೇರಿ ಬೀದಿ ನಲ್ಲಿಯ ಹಿಂದಿನ ಪಾಳು ಜಾಗದಲ್ಲಿ ಮಾಡಿಕೊಂಡದ್ದು. ಅಲ್ಲಿ ಏನೂ ಬೆಳೆಯಲಾರದೆಂದು ನಾನು ವೈಜ್ಞಾನಿಕವಾಗಿ ವಿವರಿಸಿದ್ದೆ. (ಆ ದಿನ ನನಗೆ ಬರೀ ಮಜ್ಜಿಗೆಯಲ್ಲಿ ಊಟವಾಯಿತು.) ಅವರು ಬಂಗಾರಪೇಟೆ ಕಡೆಯ ತಮ್ಮ ತಮ್ಮ ಹಳ್ಳಿಗಳಿಂದ ಕೆರೆಯ ತಳದ ಗೋಡುಮಣ್ಣನ್ನು ಚೀಲಕ್ಕೆ ತುಂಬಿ, ಬಸ್ಸಿನ ಟಾಪಿಗೆ ಹಾಕಿಕೊಂಡು ಬಂದರು. ಹಬ್ಬಕ್ಕೆ ತವರಿಗೆ ಹೋದ ಹೆಂಡತಿಯರು ಸೀರೆ ತರುತ್ತಾರೆ, ನನ್ನವಳು ಮೂರು ಹಬ್ಬ ಮಣ್ಣು ತಂದಳು. ಈಗ ಅಲ್ಲಿ ಸೋರೆ, ಕುಂಬಳ, ಹೀರೆ, ಬದನೆ ತುಂಬಿಕೊಂಡು, ಐದು ಮನೆಯ ಸಾರಿಗೂ ಅದೇ ಆಧಾರವಾಗಿತ್ತು.

ತೋಟದ ಯಜಮಾನಿಕೆ ಕದಿರಮ್ಮನದು. ಅರವತ್ತರ ಹತ್ತಿರದ ಹೆಂಗಸು. ಹದಿನಾರು ವರ್ಷದ ಹಿಂದೆ ಅವಳ ಗಂಡ ಒಂದು ಬೆಳಿಗ್ಗೆ ಗಣಿಗೆ ಇಳಿದವನು ಮೇಲೆ ಬರಲಿಲ್ಲ. ಈಗ ಒಬ್ಬನೇ ಮಗ ಕುಪ್ಪುಸ್ವಾಮಿ ಅದೇ ಶಾಫ್ಟಿನಲ್ಲಿ, ಅದೇ ಗಣಿಬಾವಿಯಲ್ಲಿ, ಇಳಿಯುತ್ತಿದ್ದ. ಮಗ ಕೆಳಗಿರುವಷ್ಟು ಹೊತ್ತೂ ಅವಳು ಗಿಡದ ಬುಡ ಕೆದಕುತ್ತ ಕೂತಿರುತ್ತಿದ್ದಳು. ಅವಳು ನಕ್ಕದ್ದನ್ನು ನಾನು ಕಂಡೇ ಇರಲಿಲ್ಲ. ಅವಳ ಎದೆಯೊಳಗೆ ಏನೋ ಇದೆ ಎಂದು ನನ್ನ ಹೆಂಡತಿ ಹೇಳುತ್ತಿದ್ದಳು. ಗಂಡ ಸತ್ತ ದುಃಖ ಇರಬೇಕು ಎಂದು ನಾನೆಂದರೆ, ದುಃಖ ನನಗೆ ಗೊತ್ತಾಗುತ್ತೆ, ಇದು ಅದಲ್ಲ, ತಾನೇ ಏನೋ ತಪ್ಪು ಮಾಡಿದವಳ ಹಾಗೆ ಇರುತ್ತಾಳೆ ಎಂದಿದ್ದಳು. ನಾನು ಪೇಪರು ಓದುತ್ತಿದ್ದೆ, ಅಷ್ಟಕ್ಕೇ ಬಿಟ್ಟೆ.

ಗುರುವಾರ ರಾತ್ರಿ ಊಟಕ್ಕೆ ಕೂತಾಗ ವಿಷಯ ತೆಗೆದೆ.

“ನಲವತ್ತು ಮಕ್ಳು ನುಗ್ಗಿದ್ರೆ ನಮ್ ತೋಟದಾಗೆ ಏನ್ ಉಳೀತದೆ? ಬ್ಯಾಡ,” ಎಂದಳು ಗಂಗರತ್ನಮ್ಮ.

ನಾನು ನನ್ನ ಹತ್ತೊಂಬತ್ತು ವರ್ಷದ ಸರ್ವೀಸು, ಹೆಡ್‌ಮಾಸ್ಟರ ಮುಖ, ರಾಷ್ಟ್ರದ ಭವಿಷ್ಯ ಮೂರನ್ನೂ ಒಂದೊಂದಾಗಿ ಮುಂದಿಟ್ಟೆ. ಅವಳು ಮೂರನ್ನೂ ಪಕ್ಕಕ್ಕೆ ಸರಿಸಿ ನನ್ನ ತಟ್ಟೆಗೆ ಮುದ್ದೆ ಹಾಕಿದಳು. ಕೊನೆಗೆ, ಫೋಟೋದಲ್ಲಿ ತೋಟ ಚೆನ್ನಾಗಿ ಬರುತ್ತದೆ, ಒಂದು ಪ್ರತಿ ನಿಮಗೂ ಕೊಡಿಸುತ್ತೇನೆ ಎಂದ ಮೇಲೆ ಸ್ವಲ್ಪ ಮೆತ್ತಗಾದಳು.

“ಒಂದು ಕಾಯಿ ಕಿತ್ರೂ ನೀವು ಮನೇಗ್ ಬರಬ್ಯಾಡಿ, ಇಸ್ಕೂಲ್ನಾಗೇ ಮಲಿಕ್ಕಳಿ,” ಎಂದಳು.

ಒಪ್ಪಿದೆ. ಒಪ್ಪಿದ್ದನ್ನು ಅಕ್ಷರಶಃ ಪಾಲಿಸಿದೆ ಕೂಡ. ನನ್ನ ಗ್ರಹಚಾರ ಶುರುವಾದದ್ದೇ ಅಲ್ಲಿಂದ.

ಕೀಳಬಾರದು ಎಂದ ಮೇಲೆ ಮಕ್ಕಳು ತೋಟದಲ್ಲಿ ಮಾಡುವುದಾದರೂ ಏನು? ಶುಕ್ರವಾರ ಪಾಠದ ನಡುವೆ ನನಗೊಂದು ಮಹತ್ತರ ಯೋಚನೆ ಹೊಳೆಯಿತು. ಪ್ರತಿಯೊಬ್ಬರೂ ಮನೆಯಿಂದ ಒಂದು ಬಣ್ಣದ ಚಿಂದಿ ತರಬೇಕು. ತಮಗಿಷ್ಟವಾದ ಕಾಯಿಯ ತೊಟ್ಟಿಗೆ ಅದನ್ನು ಕಟ್ಟಿ, ಕೈಮುಗಿದು, “ಭೂಮಿತಾಯೀ, ಇದು ನಿನ್ನದು, ನಿನಗೇ ಇರಲಿ” ಎನ್ನಬೇಕು. ಕೀಳುವುದಕ್ಕೆ ಪೂರಾ ವಿರುದ್ಧವಾದ ಕೆಲಸ. ಫೋಟೋಕ್ಕೂ ಲಕ್ಷಣ. ಈ ವಾಕ್ಯ ನನ್ನ ತಲೆಯಲ್ಲಿ ಹೇಗೆ ಹುಟ್ಟಿತು ಎಂದು ನನಗೇ ಹೆಮ್ಮೆಯಾಯಿತು. (ಹುಟ್ಟಿರಲಿಲ್ಲ. ಆ ತೋಟದ ಕಡೆಯಿಂದ ಯಾವಾಗಲೋ ಕಿವಿಗೆ ಬಿದ್ದದ್ದು ಅಲ್ಲೇ ಕೂತಿತ್ತು. ಇದು ನನಗೆ ತಿಳಿದದ್ದು ಆಮೇಲೆ.)

ಶನಿವಾರ ಬೆಳಗಿನ ಸ್ಕೂಲು. ಅದೇ ದಿನ ಡಿಪೋದಲ್ಲಿ ಸೀಮೆಎಣ್ಣೆ ಕೊಡುತ್ತಿದ್ದರಿಂದ ಕದಿರಮ್ಮನೂ ಸೇರಿ ತೋಟದ ಐವರು ಹೆಂಗಸರೂ ಕ್ಯೂನಲ್ಲಿ ನಿಂತಿದ್ದರು. ನಲವತ್ತೊಂದು ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಬಂದೆ. ರಾಬರ್ಟ್‌ಸನ್‌ಪೇಟೆಯ ಸ್ಟುಡಿಯೋದವನು ಮೂರು ಕಾಲಿನ ಸ್ಟ್ಯಾಂಡ್ ಹೊತ್ತುಕೊಂಡು ಬಂದಿದ್ದ. ನಾನು ಕೃತಜ್ಞತೆಯ ಬಗ್ಗೆ ಭಾಷಣ ಮಾಡಿದೆ. ಭೂಮಿತಾಯಿ ನಮಗೆ ಎಲ್ಲವನ್ನೂ ಕೊಟ್ಟಿದ್ದಾಳೆ, ಏನನ್ನೂ ಕೇಳುವುದಿಲ್ಲ ಎಂದೆ.

ಆರನೇ ಕ್ಲಾಸಿನ ಒಬ್ಬಳು ಕೈ ಎತ್ತಿದಳು.

“ಸಾರ್, ನಮ್ಮಪ್ಪನ ಕಾಲು ಗಣಿ ಕೆಳಗೇ ಓಯ್ತು. ಅದಕ್ಕೂ ಥ್ಯಾಂಕ್ಸ್ ಏಳ್ಬೇಕಾ?”

ಸುತ್ತೋಲೆಯಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಸಾಲಿನಲ್ಲಿ ನಿಲ್ಲಮ್ಮ ಎಂದೆ. ಅವಳು ನಿಂತಳು. ಆ ವಯಸ್ಸಿನ ಮಕ್ಕಳು ಮೇಷ್ಟ್ರ ಮರ್ಯಾದೆ ಉಳಿಸುವುದನ್ನು ಕಲಿತಿರುತ್ತಾರೆ.

ಮಕ್ಕಳು ಎಲೆಯ ಮರೆಯ ಹೀಚುಗಳನ್ನು ಬಿಟ್ಟು ದೊಡ್ಡ ದೊಡ್ಡ ಕಾಯಿಗಳನ್ನೇ ಆರಿಸಿಕೊಂಡರು. ಅರ್ಧ ಗಂಟೆಯಲ್ಲಿ ಬಲಿತ ಕಾಯಿ ಎಂಬುದೊಂದೂ ಬೋಳಾಗಿ ಉಳಿಯಲಿಲ್ಲ. ಕೆಂಪು, ಹಳದಿ, ಲಂಗದ ಅಂಚು, ಪಂಚೆಯ ತುದಿ, ಎಲ್ಲ ಬಣ್ಣವೂ ಇತ್ತು. ನಲವತ್ತೊಂದು ಕಂಠಗಳು ಒಟ್ಟಿಗೆ ನನ್ನ ವಾಕ್ಯವನ್ನು ಹೇಳಿದವು. ಫೋಟೋ ಹೊಡೆದಾಯಿತು. ಮಕ್ಕಳನ್ನು ಮನೆಗೆ ಕಳಿಸಿ, ಒಂದೇ ಒಂದು ಕಾಯಿಯೂ ಕಿತ್ತಿಲ್ಲವೆಂದು ಹೆಂಡತಿಗೆ ತೋರಿಸಲು ನಾನು ತೋಟದಲ್ಲೇ ಕೈಕಟ್ಟಿ ನಿಂತೆ.

ಐವರೂ ಸೀಮೆಎಣ್ಣೆ ಡಬ್ಬ ಹಿಡಿದುಕೊಂಡು ಬಂದರು. ಬಂದವರು ಬೇಲಿಯ ಬಳಿಯೇ ನಿಂತರು. ಯಾರೂ ಬೈಯಲಿಲ್ಲ. ಮದುವೆಯಾದ ಮೇಲೆ ನನ್ನ ಹೆಂಡತಿ ಬೈಯದೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು, ಅದರಿಂದಲೇ ನನಗೆ ಹೆದರಿಕೆಯಾಯಿತು.

ಆಮೇಲೆ ಆದಿಲಕ್ಷ್ಮಮ್ಮ, ಅಂದರೆ ಲೈನಿನ ಮೂರನೇ ಮನೆಯವಳು, ನನಗೆ ಬಿಡಿಸಿ ಹೇಳಿದಳು. ಬೀಜಕ್ಕೆಂದು ಬಿಡುವ ಕಾಯಿಗೆ ಅವರು ಚಿಂದಿ ಕಟ್ಟುತ್ತಾರೆ. ಕಟ್ಟುವಾಗ ಭೂಮಿತಾಯಿಗೆ, ಇದು ನಿನ್ನದು ಎಂದು ಮಾತು ಕೊಡುತ್ತಾರೆ. ಹಾಗೆ ಕಟ್ಟಿದ ಕಾಯಿ ಬಳ್ಳಿಯಲ್ಲೇ ಒಣಗಬೇಕು, ಅದನ್ನು ಯಾರೂ ಬಿಚ್ಚಬಾರದು, ತಿನ್ನಬಾರದು. ವರ್ಷಕ್ಕೆ ಬಳ್ಳಿಗೊಂದು ಕಟ್ಟಿದರೆ ಹೆಚ್ಚು. ನಾನು ನಲವತ್ತೊಂದು ಕಟ್ಟಿಸಿದ್ದೆ, ಅದೂ ಮಕ್ಕಳ ಬಾಯಲ್ಲಿ ಮಾತು ಕೊಡಿಸಿ.

ಅಷ್ಟೇ ತಾನೇ, ಬಿಚ್ಚಿದರಾಯಿತು ಎಂದೆ ನಾನು. ಇಷ್ಟಕ್ಕೆ ಇಷ್ಟು ಮುಖ ಯಾಕೆ ಎಂದೂ ನಕ್ಕೆ.

ಆಗ ಕದಿರಮ್ಮ ಮಣ್ಣಿನ ಮೇಲೆ ಕೂತುಬಿಟ್ಟಳು.

“ನಾನೂ ಇಂಗೇ ಅಂದ್ಕೊಂಡೆ ಸಾಮಿ,” ಎಂದಳು. “ಅವತ್ತು ಮನೇಲಿ ಏನೂ ಇರ್ಲಿಲ್ಲ. ಮನೆಮುಂದ್ಲ ಡಬ್ಬದ ಬಳ್ಳೀಲಿ ಬೀಜಕ್ಕೆ ಕಟ್ಟಿದ್ದ ಸೋರೆಕಾಯಿ ಬಿಚ್ಚಿ ಸಾರು ಮಾಡ್ದೆ. ನನ್ ಗಂಡ ಉಂಡ್ಕೊಂಡು ಸಿಫ್ಟಿಗೆ ಓದ. ಅಂಗೇ ಓದ.”

ಹದಿನಾರು ವರ್ಷ ಅವಳು ಹೊತ್ತುಕೊಂಡಿದ್ದದ್ದು ಇದು. ನನ್ನ ಹೆಂಡತಿ ನನ್ನ ಕಡೆ ನೋಡಿದಳು. ನಾನು ಪೇಪರು ಓದುತ್ತಿರಲಿಲ್ಲ, ಆದರೂ ತಲೆ ತಗ್ಗಿಸಿದೆ.

ಅಲ್ಲಿಗೆ ನಿಲ್ಲಿಸಬಹುದಾಗಿತ್ತು. ಆದರೆ ಐದು ಮನೆಯವರೂ ನಾಳೆಯಿಂದ ಏನು ತಿನ್ನಬೇಕು? ಆದಿಲಕ್ಷ್ಮಮ್ಮನೇ ಒಂದು ದಾರಿ ಹುಡುಕಿದಳು. ನಮ್ಮ ನಾಲ್ಕೂ ಮನೆಯಲ್ಲಿ ಕೆಳಕ್ಕೆ ಇಳಿಯುವ ಗಂಡಸರಿದ್ದಾರೆ, ಮೇಷ್ಟ್ರೊಬ್ಬರೇ ನೆಲದ ಮೇಲೆ ಇರುವವರು, ಅವರೇ ಬಿಚ್ಚಲಿ, ಆಗುವುದಿದ್ದರೆ ಅವರಿಗೇ ಆಗಲಿ ಎಂದಳು. ನಾನು ಗಂಗರತ್ನಮ್ಮನ ಮುಖ ನೋಡಿದೆ. ಇಪ್ಪತ್ತೆರಡು ವರ್ಷದ ಸಂಸಾರ, ಎರಡು ಮಕ್ಕಳು. ಇಲ್ಲ, ಕೂಡದು, ನನ್ನ ಮಾಂಗಲ್ಯ ಅಂತ ಒಂದು ಮಾತಾದರೂ ಬರುತ್ತದೆಂದು ಕಾದೆ.

“ಅಂಗೇ ಮಾಡಿ,” ಎಂದಳು ನನ್ನ ಧರ್ಮಪತ್ನಿ. “ಇವ್ರನ್ನ ತಗಂಡು ಭೂಮ್ತಾಯಿ ಏನ್ ಮಾಡ್ತಾಳೆ?”

ಕದಿರಮ್ಮ ಮಾತ್ರ ಬೇಡವೆಂದಳು. ತೋಟ ಐದು ಮನೆಯದು, ಯಾರು ಬಿಚ್ಚಿದರೂ ಐದು ಮನೆಗೂ ತಟ್ಟುತ್ತದೆ, ನನ್ನ ಮಗ ಈಗ ಕೆಳಗಿದ್ದಾನೆ, ಕಾಯಿ ಒಣಗಿದರೆ ಒಣಗಲಿ ಎಂದು ಕೈಮುಗಿದು ಕೇಳಿಕೊಂಡಳು. ಅವಳು ಹೇಳಿದ್ದು ಸರಿ. ಐದು ಮನೆಯ ಪೈಕಿ ಆ ಹೊತ್ತು ಗಣಿಯೊಳಗೆ ಇದ್ದವನು ಕುಪ್ಪುಸ್ವಾಮಿ ಒಬ್ಬನೇ.

ಈಗ ನೆನೆದರೆ ನಾಚಿಕೆಯಾಗುತ್ತದೆ. ಆದರೆ ಹೆಂಡತಿ ಅಷ್ಟು ಅಗ್ಗವಾಗಿ ಬಿಟ್ಟುಕೊಟ್ಟ ಗಂಡಸಿಗೆ ಪೌರುಷ ತೋರಿಸದೆ ಬೇರೆ ದಾರಿಯಿಲ್ಲ. ಚಿಂದಿಗೂ ಗಣಿಯೊಳಗೆ ಬಂಡೆ ಬೀಳುವುದಕ್ಕೂ ಕಾರ್ಯಕಾರಣ ಸಂಬಂಧವಿಲ್ಲ ಎಂದು ನಾನು ಉಪನ್ಯಾಸ ಶುರುಮಾಡಿದೆ. ಹೇಳುತ್ತ ಹೇಳುತ್ತಲೇ ಒಂದು ಸೋರೆಕಾಯಿಯ ಚಿಂದಿ ಬಿಚ್ಚಿದೆ. ಏನಾಯಿತು, ಏನೂ ಆಗಲಿಲ್ಲ ಎಂದೆ. ಒಂದು ಕುಂಬಳದ್ದು ಬಿಚ್ಚಿದೆ. ಒಂದು ಹೀರೆಯದು ಬಿಚ್ಚಿದೆ.

ನೆಲ ಜಗ್ಗಿತು.

ನಲ್ಲಿಯ ಕಟ್ಟೆಯ ಮೇಲಿದ್ದ ಬಿಂದಿಗೆ ಉರುಳಿತು. ಲೈನಿನ ಮನೆಗಳ ತಗಡೆಲ್ಲ ಒಮ್ಮೆ ಗಡಗಡ ಎಂದಿತು. ಹೊರಗಿನವರಿಗೆ ಅದು ಭೂಕಂಪ. ನಮ್ಮೂರಿನವರಿಗೆ ಕೆಳಗೆ ಎಲ್ಲೋ ಬಂಡೆ ಸಿಡಿದಿದೆ ಎಂದು ಅರ್ಥ. ತಿಂಗಳಿಗೆ ಒಂದೆರಡು ಸಲ ಹೀಗೆ ಆಗುತ್ತಿತ್ತು, ಬಹಳ ಸಲ ಯಾರಿಗೂ ಏನೂ ಆಗುತ್ತಿರಲಿಲ್ಲ. ನಾನು ಇದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಸೈರನ್ ಕೂಗಿತು. ಸೈರನ್ ಕೂಗಿದ ಮೇಲೆ ಯಾರೂ ವಿಜ್ಞಾನ ಕೇಳುವುದಿಲ್ಲ. ಐವರೂ ಓಡಿದರು. ಹಿಂದೆ ನಾನೂ ಓಡಿದೆ, ಕೈಯಲ್ಲಿ ಮೂರು ಚಿಂದಿ ಹಿಡಿದುಕೊಂಡು.

ಶಾಫ್ಟಿನ ಗೇಟಿನ ಮುಂದೆ ಇಡೀ ಲೈನು ಸೇರಿತ್ತು. ಕೆಳಗೆ ಸುರಂಗದ ಒಂದು ಅಂತಸ್ತಿನಲ್ಲಿ ದಾರಿ ಮುಚ್ಚಿಕೊಂಡಿದೆ, ಏಳು ಜನ ಆಚೆ ಇದ್ದಾರೆ ಎಂದರು. ಹೆಸರು ಹೇಳಿದರು. ಕುಪ್ಪುಸ್ವಾಮಿಯ ಹೆಸರಿತ್ತು. ಕದಿರಮ್ಮ ಅಳಲಿಲ್ಲ. ಗೇಟಿನ ಕಂಬಿ ಹಿಡಿದು ನಿಂತಳು. ಒಂದು ಗಂಟೆಯಾದ ಮೇಲೆ ತಿರುಗಿ ನನ್ನನ್ನು ಕೇಳಿದಳು.

“ಎಷ್ಟು ಬಿಚ್ಚಿದ್ರಿ ಸಾಮಿ?”

“ಮೂರು,” ಎಂದೆ.

ಅವಳು ಸರಿ ಎನ್ನುವಂತೆ ತಲೆಯಾಡಿಸಿ ಮತ್ತೆ ಕಂಬಿಯ ಕಡೆ ತಿರುಗಿದಳು. ಅವಳು ನನ್ನ ಕಪಾಳಕ್ಕೆ ಹೊಡೆದಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ.

ಮಧ್ಯಾಹ್ನ ಮೂರು ಗಂಟೆಯವರೆಗೆ ನಿಂತೆ. ಆಮೇಲೆ ಹೆಂಗಸರಿಗೆ ನೀರು ತರುತ್ತೇನೆಂದು ಹೇಳಿ ಹೊರಟೆ. ನೇರ ತೋಟಕ್ಕೆ ಹೋದೆ. (ಇಲ್ಲಿಂದ ಮುಂದಿನದನ್ನು ನೀವು ಹೆಡ್‌ಮಾಸ್ಟರಿಗೆ ಹೇಳಬಾರದು.) ಮಂಡಿಯೂರಿ ಆ ಸೋರೆಕಾಯಿಗೆ ಚಿಂದಿ ಕಟ್ಟಿದೆ. ಕುಂಬಳಕ್ಕೆ ಕಟ್ಟಿದೆ. ಹೀರೆಗೆ ಕಟ್ಟಿದೆ. ಒಂದೊಂದಕ್ಕೂ ಮೂರು ಮೂರು ಗಂಟು ಹಾಕಿದೆ. ಕಾರ್ಯಕಾರಣ ಸಂಬಂಧ ಇಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು, ಆದರೂ ಗಂಟುಗಳನ್ನು ಒಂದೊಂದಾಗಿ ಎಳೆದು ನೋಡಿದೆ. ಇದು ನಿನ್ನದು, ನಿನಗೇ ಇರಲಿ, ಆ ಹುಡುಗನನ್ನು ಬಿಟ್ಟುಬಿಡು ತಾಯಿ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ ಎಂದು ಗಟ್ಟಿಯಾಗಿಯೇ ಹೇಳಿದೆ. ಬಿಂದಿಗೆಯಲ್ಲಿ ನೀರು ತುಂಬಿಕೊಂಡು ವಾಪಸು ಹೋದೆ. ಗಂಗರತ್ನಮ್ಮ ನನ್ನ ಪಂಚೆಯ ಮಂಡಿಯ ಮೇಲಿನ ಕೆಸರು ನೋಡಿದಳು, ಏನೂ ಕೇಳದೆ ನೀರು ಹಂಚಿದಳು.

ನಾಲ್ಕೂವರೆಗೆ ಜನರನ್ನು ಇಳಿಸಿ ಏರಿಸುವ ಕೇಜು ಮೇಲೆ ಬಂತು. ಕುಪ್ಪುಸ್ವಾಮಿ ತನ್ನ ಕಾಲಿನ ಮೇಲೆ ನಡೆದುಕೊಂಡು ಬಂದ, ಹಣೆಯಲ್ಲಿ ಒಂದು ಗಾಯ ಅಷ್ಟೆ. ಕದಿರಮ್ಮ ಮಗನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು, ಬಿಡಲಿಲ್ಲ. ಆರು ಜನ ಹಾಗೆ ಬಂದರು. ಏಳನೆಯವನನ್ನು ಎತ್ತಿಕೊಂಡು ಬಂದರು. ಅವನು ಆಚೆ ತುದಿಯ ಲೈನಿನವನು. ಅವನ ಹೆಂಡತಿ ಮಧ್ಯಾಹ್ನದಿಂದ ನಮ್ಮ ಪಕ್ಕದಲ್ಲೇ ನಿಂತಿದ್ದಳು, ನಾನು ತಂದ ನೀರನ್ನು ಅವಳೂ ಕುಡಿದಿದ್ದಳು. ನಮ್ಮವನು ಬಂದ ಎಂದು ಹಿಗ್ಗಿದ ಮುಖವನ್ನು ಎಲ್ಲಿ ಬಚ್ಚಿಟ್ಟುಕೊಳ್ಳಬೇಕೆಂದು ನಮಗೆ ಯಾರಿಗೂ ತಿಳಿಯಲಿಲ್ಲ.

ಭಾನುವಾರ ಆ ಮನೆಯ ಮಣ್ಣು ಮುಗಿಸಿಕೊಂಡು ಬಂದ ಮೇಲೆ ಐವರೂ ತೋಟದ ಬಳಿ ಸೇರಿದರು. ನನ್ನನ್ನೂ ಕರೆಸಿದರು. ಶಿಕ್ಷೆ ಕೇಳಿಸಿಕೊಳ್ಳುವುದಕ್ಕೆ ಸಿದ್ಧನಾಗಿಯೇ ಹೋದೆ. ಕದಿರಮ್ಮನ ಕೈಯಲ್ಲಿ ಕುಡುಗೋಲಿತ್ತು.

“ರಾತ್ರಿಯೆಲ್ಲ ಯೋಚ್ನೆ ಮಾಡ್ದೆ ಸಾಮಿ,” ಎಂದಳು ಅವಳು. “ನೀವು ಮೂರು ಬಿಚ್ಚಿದ್ರಿ. ಬಿಚ್ಚಿದ್ದು ಬಿಚ್ಚಿದಂಗೇ ಇತ್ತು, ನನ್ ಮಗ ಬಂದ. ಆ ಎಣ್ಮಗಳು ಏನ್ ಬಿಚ್ಚಿದ್ಳು? ಅವಳ್ಗೆ ತೋಟಾನೇ ಇಲ್ಲ. ಅವಳ ಗಂಡ ಓದ. ಅಂಗಾದ್ರೆ ನಾನು ಸಾರು ಮಾಡಿದ್ದಕ್ಕೆ ಅವ್ನು ಓಗಿಲ್ಲ. ನಾನ್ ಕೊಂದಿಲ್ಲ ಅವ್ನನ್ನ.”

ಕೊನೆಯ ಮಾತನ್ನು ಅವಳು ಎರಡು ಸಲ ಹೇಳಿದಳು. ಆ ಮುಖದಲ್ಲಿ ಹದಿನಾರು ವರ್ಷದ ಭಾರ ಇಳಿದದ್ದನ್ನು ನಾನು ಕಣ್ಣಾರೆ ನೋಡಿದೆ. ಎಲ್ಲ ಚಿಂದಿ ಬಿಚ್ಚಿ, ಮಕ್ಕಳಿಗೆ ಮಾಡಿ ಹಾಕೋಣ, ಸತ್ತವನ ಮನೆಗೂ ಒಂದು ಪಾತ್ರೆ ಕಳಿಸೋಣ ಎಂದು ಹೇಳುತ್ತ ಅವಳು ಬಳ್ಳಿಯ ಕಡೆ ಹೋದಳು. ಅವಳು ನಿಂತದ್ದು ಸರಿಯಾಗಿ ನಾನು ಮೂರು ಗಂಟು ಹಾಕಿದ್ದ ಸೋರೆಕಾಯಿಯ ಮುಂದೆ.

ಬಗ್ಗಿ ಗಂಟು ನೋಡಿದಳು. ಕುಂಬಳ ನೋಡಿದಳು, ಹೀರೆ ನೋಡಿದಳು. ಇವು ಬಿಚ್ಚಿದ್ದವಲ್ಲವಾ ಎಂದಳು. ಯಾರು ಕಟ್ಟಿದರು ಎಂದಳು. ನಾನೇ ಎಂದೆ. ಆಮೇಲೆ ಬೇರೆಯೇ ಒಂದು ದನಿಯಲ್ಲಿ ಕೇಳಿದಳು.

“ಯಾವಾಗ?”

ನಾನು ಹತ್ತೊಂಬತ್ತು ವರ್ಷ ಮಕ್ಕಳಿಗೆ ನಿಜ ಹೇಳಿ ಎಂದು ಪಾಠ ಮಾಡಿದವನು. ಮೂರು ಗಂಟೆಗೆ ಕಟ್ಟಿದೆ, ನಿನ್ನ ಮಗ ಇನ್ನೂ ಕೆಳಗೇ ಇದ್ದ ಎಂದು ಹೇಳಿದರೆ, ಆ ಸಾರಿನ ಪಾತ್ರೆ ಮತ್ತೆ ಅವಳ ತಲೆಯ ಮೇಲೆ. ಈ ಸಲ ಸಾಯುವ ತನಕ.

“ಸಂಜೆ,” ಎಂದೆ. “ಕುಪ್ಪುಸ್ವಾಮಿ ಮೇಲೆ ಬಂದ ಮೇಲೆ. ನನಗೆ ಭಯವಾಯಿತು, ಬಂದು ಕಟ್ಟಿಬಿಟ್ಟೆ.”

ಆಮೇಲೆ ಆದಿಲಕ್ಷ್ಮಮ್ಮ ಬಾಯಿಗೆ ಸೆರಗು ಒತ್ತಿಕೊಂಡು, ಎಲ್ಲಾ ಮುಗಿದ ಮೇಲೆ ಭಯವಾ ಮೇಷ್ಟ್ರಿಗೆ ಎಂದಳು. ನನ್ನ ಹೆಂಡತಿ ತಕ್ಷಣ ಅದಕ್ಕೆ ಎಣ್ಣೆ ಹೊಯ್ದಳು.

“ಊಂ ಕಣಕ್ಕಾ, ಅವ್ನು ಮನೇಗ್ ಬಂದು ಕಾಫಿ ಕುಡೀತಿದ್ದ, ಇವ್ರು ದೀಪ ಅಚ್ಚೋ ಒತ್ನಾಗೆ ಓಡ್ಬಂದು ಕಟ್ತಾವ್ರೆ. ರಾತ್ರಿಯೆಲ್ಲ ಮುಸುಕು ಎಳ್ಕಂಡು ನಡುಗ್ತಿದ್ರು. ಇಂಥೋರು ಮಕ್ಳಿಗೆ ವಿಜ್ಞಾನ ಏಳ್ತಾರೆ.”

ಕದಿರಮ್ಮ ನನ್ನ ಮುಖ ನೋಡಿದಳು. ಅವಳ ತುಟಿ ಅದುರಿತು. ಸಾವಿನ ಮನೆ ದೂರವೇನಿರಲಿಲ್ಲ, ಆದ್ದರಿಂದ ಸದ್ದಾಗದಂತೆ, ಕುಡುಗೋಲು ಹಿಡಿದ ಕೈಯನ್ನೇ ಬಾಯಿಗೆ ಅಡ್ಡ ಇಟ್ಟುಕೊಂಡು, ಭುಜ ಕುಣಿಸಿ ಕುಣಿಸಿ ನಕ್ಕಳು. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಗಂಟು ಬಿಚ್ಚಲು ಆಗದೆ ಕುಡುಗೋಲಿನಿಂದ ಕೊಯ್ದಳು.

ಮನೆಗೆ ಬಂದ ಮೇಲೆ ನಾನು ಹೆಂಡತಿಯನ್ನು, ನಿನಗೆ ಗೊತ್ತಿತ್ತಾ ಎಂದು ಕೇಳಿದೆ. ನೀವು ನೀರಿಗೆಂದು ಹೊರಟಾಗಲೇ ಗೊತ್ತಾಯಿತು, ಇನ್ನೊಂದು ಗಳಿಗೆ ತಡವಾಗಿದ್ದರೆ ನಾನೇ ಹೋಗಿ ಕಟ್ಟುತ್ತಿದ್ದೆ ಎಂದಳು. ಆ ಅಕ್ಕ ಬದುಕಿರುವ ತನಕ ಈ ಮಾತು ಬಾಯಿಂದ ಬಂದರೆ ನಿಮ್ಮನ್ನು ನಿಜವಾಗಿ ಭೂಮಿತಾಯಿಗೆ ಕೊಟ್ಟುಬಿಡುತ್ತೇನೆ ಎಂದೂ ಹೇಳಿದಳು.

ಸೋಮವಾರ ಶಾಲೆಗೆ ಹೋಗುವಷ್ಟರಲ್ಲಿ ಸುದ್ದಿ ನನಗಿಂತ ಮೊದಲು ತಲುಪಿತ್ತು. ಅಲ್ಲಿಂದ ರಿಟೈರಾಗುವ ತನಕ ನಾನು ಪುಕ್ಕಲು ಮೇಷ್ಟ್ರು.

ಕದಿರಮ್ಮ ಹೋದ ತಿಂಗಳು ತೀರಿಕೊಂಡಳು. ಮಲಗಿದವಳು ಹಾಗೇ ಹೋದಳಂತೆ. ಅದಕ್ಕೇ ಈಗ ನಿಮ್ಮ ಮುಂದೆ ಬಾಯಿ ಬಿಡುತ್ತಿದ್ದೇನೆ. ಹನ್ನೊಂದನೆಯ ದಿನ ನಾವಿಬ್ಬರೂ ಹೋಗಿದ್ದೆವು. ಕುಪ್ಪುಸ್ವಾಮಿಗೆ ಈಗ ತಲೆ ನರೆತಿದೆ. ಅಮ್ಮ ಮೊಮ್ಮಕ್ಕಳಿಗೆ ದಿನಾ ಹೇಳುತ್ತಿದ್ದ ಕಥೆ ಎಂದು, ಎಲ್ಲಾ ಮುಗಿದ ಮೇಲೆ ಹೆದರಿ ಓಡಿಬಂದು ಸೋರೆಕಾಯಿಗೆ ಮೂರು ಗಂಟು ಹಾಕಿದ ಮೇಷ್ಟ್ರ ಕಥೆಯನ್ನು ಬಂದವರ ಮುಂದೆ ನನ್ನನ್ನೇ ತೋರಿಸಿ ಹೇಳಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಗಂಗರತ್ನಮ್ಮ ಮಾತ್ರ ನಗದೆ ಒಳಗೆ ಎದ್ದುಹೋಗಿ, ನನಗೆ ಇನ್ನೊಂದು ಲೋಟ ಕಾಫಿ ತಂದುಕೊಟ್ಟಳು.